ಸುದ್ದಿ ಬರೆಯಲು ಪದವಿ ಬೇಕೆ?

ವಿಶ್ವವಿದ್ಯಾಲಯದ ಆವರಣಗಳಲ್ಲಿ ‘ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗ’ ಎಂಬ ಫಲಕ ಈಗ ಅಪರೂಪವೇನಲ್ಲ. ದಿನವೂ ಅದರ ಕೆಳಗೆ ಓಡಾಡುವ ವಿದ್ಯಾರ್ಥಿಗಳು ನಡುವೆ ಕುಳಿತಿರುವ ‘ಮತ್ತು’ ಎಂಬ ಎರಡಕ್ಷರವನ್ನು ಗಮನಿಸಿರುವ ಸಾಧ್ಯತೆ ಕಡಿಮೆ. ಅದರ ಎಡಕ್ಕಿರುವುದು ಒಂದು ಕಸುಬು. ಬಲಕ್ಕಿರುವುದು ಒಂದು ಶಾಸ್ತ್ರ. ಕಸುಬಿನವರಿಗೆ ಶಾಸ್ತ್ರದ ಮೇಲೆ ಗುಮಾನಿ, ಶಾಸ್ತ್ರದವರಿಗೆ ಕಸುಬಿನ ಮೇಲೆ ಅಸಡ್ಡೆ. ಈ ಎರಡನ್ನೂ ಒಂದೇ ಸೂರಿನಡಿ ಕೂರಿಸಿದ ಆ ‘ಮತ್ತು’ವಿನ ಹಿಂದೆ ಶತಮಾನವನ್ನೂ ಮೀರಿದ ವಾದ ವಿವಾದವಿದೆ.

ಇದು ಮೇಷ್ಟರುಗಳ ಒಳಜಗಳ ಮಾತ್ರವಾಗಿದ್ದರೆ ಸಾಮಾನ್ಯ ಓದುಗರು ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ. ಆದರೆ ಪ್ರಶ್ನೆ ಅಲ್ಲಿಗೇ ನಿಲ್ಲುವುದಿಲ್ಲ. ವೈದ್ಯನಾಗಲು ವೈದ್ಯಕೀಯ ಪದವಿ ಬೇಕು. ನ್ಯಾಯಾಲಯದಲ್ಲಿ ವಾದಿಸಲು ಕಾನೂನು ಪದವಿಯ ಜೊತೆಗೆ ವಕೀಲರ ಪರಿಷತ್ತಿನ ನೋಂದಣಿ ಬೇಕು. ಊರಿನ ಕೆರೆ ಒತ್ತುವರಿಯಾಗಿದೆ ಎಂದು ಬರೆದು ಅಚ್ಚು ಹಾಕಿಸಲು ಏನು ಬೇಕು? ಏನೂ ಬೇಡ ಎಂದರೆ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದೆಂಬ ಭಯ. ಪ್ರಮಾಣಪತ್ರ ಬೇಕು ಎಂದರೆ, ಆ ಪ್ರಮಾಣಪತ್ರವನ್ನು ಕೊಡುವವರು ಯಾರು, ಕಿತ್ತುಕೊಳ್ಳುವವರು ಯಾರು ಎಂಬ ಇನ್ನೂ ದೊಡ್ಡ ಭಯ. ಪತ್ರಿಕೋದ್ಯಮ ಶಿಕ್ಷಣದ ಇತಿಹಾಸ ಈ ಎರಡು ಭಯಗಳ ನಡುವೆ ನಡೆದುಬಂದ ದಾರಿಯ ಕಥೆ.

ಒಂದು ಪದದ ಒಳಗೆ

ಕನ್ನಡದಲ್ಲಿ ಈ ಗೊಂದಲ ಪದದಿಂದಲೇ ಶುರುವಾಗುತ್ತದೆ. ಪತ್ರಿಕಾ ಎಂಬುದಕ್ಕೆ ಉದ್ಯಮ ಸೇರಿ ಗುಣಸಂಧಿಯಾಗಿ ‘ಪತ್ರಿಕೋದ್ಯಮ’. ಉದ್ಯಮ ಎಂಬ ಸಂಸ್ಕೃತ ಶಬ್ದಕ್ಕೆ ಪ್ರಯತ್ನ, ಶ್ರಮ ಎಂಬ ಅರ್ಥವಿದ್ದರೂ ಇಂದಿನ ಬಳಕೆಯಲ್ಲಿ ಅದು ಬಂಡವಾಳ ಹೂಡಿ ಲಾಭ ತೆಗೆಯುವ ವ್ಯವಹಾರ. ಅಂದರೆ ಕನ್ನಡಿಗರು ಈ ಕೆಲಸವನ್ನು ಕರೆಯುವ ಹೆಸರಲ್ಲೇ ಸಕ್ಕರೆ ಉದ್ಯಮ, ಬೀಡಿ ಉದ್ಯಮಗಳ ವಾಸನೆಯಿದೆ. ಡಿ.ವಿ. ಗುಂಡಪ್ಪನವರು ಈ ವಿಷಯದ ಮೇಲೆ ಬರೆದ ಪುಸ್ತಕಕ್ಕೆ ಇಟ್ಟ ಹೆಸರು ‘ವೃತ್ತಪತ್ರಿಕೆ’. ವೃತ್ತ ಎಂದರೆ ನಡೆದದ್ದು; ನಡೆದದ್ದನ್ನು ತಿಳಿಸುವ ಪತ್ರಿಕೆ. ಅದರಲ್ಲಿ ವ್ಯಾಪಾರದ ಸೋಂಕಿಲ್ಲ. ಇನ್ನು ಸಂಘ ಸಂಸ್ಥೆಗಳ ನಿರ್ಣಯಗಳಲ್ಲಿ ಆಗಾಗ ಕಾಣುವ ‘ಪತ್ರಿಕಾ ವೃತ್ತಿ’ ಎಂಬುದು ವಕೀಲಿ, ವೈದ್ಯಕೀಯಗಳ ಸಾಲಿನಲ್ಲಿ ನಿಲ್ಲಬಯಸುವ ಮಾತು. ಉದ್ಯಮವೋ, ವೃತ್ತಿಯೋ, ಶಾಸ್ತ್ರವೋ? ಹೆಸರು ಮೂರಾದರೂ ಕೆಲಸ ಒಂದೇ, ಮತ್ತು ಮೂರೂ ಪೂರ್ತಿ ಹೊಂದುವುದಿಲ್ಲ.

ಪಾಠಶಾಲೆ ಇಲ್ಲದ ಕಾಲ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಷನ್ ಕಲ್ಲಚ್ಚಿನಲ್ಲಿ ಮುದ್ರಣವಾಗಿ ಹೊರಬಂತು. ಪಾಕ್ಷಿಕವಾಗಿದ್ದ ಅದರ ಸಂಪಾದಕರು ಜರ್ಮನಿಯಿಂದ ಬಂದ ಪಾದ್ರಿ ಹರ್ಮನ್ ಮೋಗ್ಲಿಂಗ್. ದೇವಶಾಸ್ತ್ರ ಓದಿದವರಿಗೆ ಪತ್ರಿಕೆ ನಡೆಸಲು ಯಾರೂ ಕಲಿಸಿರಲಿಲ್ಲ. ಆದರೂ ಊರ ವರ್ತಮಾನ, ಸರಕಾರದ ನಿರೂಪ, ಹೊರಸೀಮೆಯ ಸುದ್ದಿ ಎಂದು ವಿಂಗಡಿಸಿ ಕೊಡುವ ಕ್ರಮ ಅವರಿಗೆ ತಿಳಿದಿತ್ತು. ಆ ಜುಲೈ 1 ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನ.

ಮುಂದೆ ಬಂದವರದೂ ಅದೇ ಕಥೆ. ಮೈಸೂರಿನ ಜನ ‘ತಾತಯ್ಯ’ ಎಂದು ಪ್ರೀತಿಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರು ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು. ಮಕ್ಕಳಿಗೆ ಪಾಠ ಹೇಳುತ್ತಲೇ ಪತ್ರಿಕೆಗಳನ್ನು ನಡೆಸಿದರು, ದೊರೆತನಕ್ಕೂ ದಿವಾನಗಿರಿಗೂ ಬುದ್ಧಿ ಹೇಳಿದರು. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಶಾಸನ ತಂದಾಗ ಅದನ್ನು ಎದುರಿಸಿದವರಲ್ಲಿ ಅವರು ಮುಖ್ಯರು. ಡಿ.ವಿ.ಜಿ. ಅವರಂತೂ ಮೆಟ್ರಿಕ್ಯುಲೇಷನ್ ಕೂಡ ದಾಟಿದವರಲ್ಲ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದು, ಪತ್ರಿಕೆಗಳಲ್ಲಿ ಕೈ ಪಳಗಿಸಿಕೊಂಡು 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. ಪದವಿಯೇ ಇಲ್ಲದ ಅವರಿಗೆ ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಪತ್ರಕರ್ತನಿಗೆ ಪದವಿ ಬೇಕಿಲ್ಲ ಎಂದು ವಾದಿಸುವವರು ಇಂದಿಗೂ ಮೊದಲು ಹೇಳುವ ಹೆಸರು ಡಿ.ವಿ.ಜಿ. ಅವರದು.

ಆದರೆ ಆ ಕಾಲದಲ್ಲಿ ಶಾಲೆಯೇ ಇರಲಿಲ್ಲ ಎಂದು ಹೇಳುವುದು ಪೂರ್ತಿ ನಿಜವಲ್ಲ. ಪತ್ರಿಕಾ ಕಚೇರಿಯೇ ಶಾಲೆಯಾಗಿತ್ತು. ಹೊಸಬ ಮೊದಲು ಕೂರುತ್ತಿದ್ದುದು ಕರಡು ತಿದ್ದುವ ಮೇಜಿನ ಮುಂದೆ. ಪಕ್ಕದಲ್ಲೇ ಅಚ್ಚುಮೊಳೆ ಜೋಡಿಸುವವರು. ಒತ್ತಕ್ಷರ ತಪ್ಪಿದರೆ, ದೀರ್ಘ ಬಿಟ್ಟರೆ ಬೈಗುಳ. ಅಲ್ಲಿ ಕೆಲವು ತಿಂಗಳು ಸವೆದ ಮೇಲೆ ಪುರಸಭೆಯ ಸಭೆ, ನ್ಯಾಯಾಲಯ, ಸಂತೆ ಧಾರಣೆ. ಬರೆದು ತಂದ ನಾಲ್ಕು ಹಾಳೆಯಲ್ಲಿ ಮೂರನ್ನು ಹಿರಿಯ ಉಪಸಂಪಾದಕರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ಯಾಕೆ ಹೊಡೆದರು ಎಂದು ಕೆಲವರು ಹೇಳುತ್ತಿದ್ದರು, ಕೆಲವರು ಹೇಳುತ್ತಿರಲಿಲ್ಲ. ಮರುದಿನ ಅಚ್ಚಾದದ್ದನ್ನು ಬರೆದದ್ದರ ಪಕ್ಕ ಇಟ್ಟುಕೊಂಡು ನೋಡುವುದೇ ಪಾಠ. ಬಡಗಿಯ ಮಗ ಉಳಿ ಹಿಡಿಯುವುದನ್ನು ಕಲಿತಂತೆ ಇಲ್ಲಿಯೂ ಕಲಿಕೆ. ಅದರಲ್ಲಿ ಎರಡು ಕೊರತೆಗಳಿದ್ದವು. ಕಚೇರಿಯೊಳಗೆ ಕಾಲಿಡಲು ಪರಿಚಯ ಬೇಕಿತ್ತು. ಪರಿಚಯವಿಲ್ಲದ ಜಾತಿ, ವರ್ಗ, ಊರುಗಳ ಹುಡುಗರಿಗೆ, ಬಹುಪಾಲು ಎಲ್ಲ ಹೆಣ್ಣುಮಕ್ಕಳಿಗೆ ಆ ಬಾಗಿಲು ಮುಚ್ಚಿತ್ತು. ಜೊತೆಗೆ, ಗುರುವಿಗೆ ಇದ್ದ ತಪ್ಪು ಅಭ್ಯಾಸಗಳೂ ಶಿಷ್ಯನಿಗೆ ಹಾಗೆಯೇ ಇಳಿದುಬರುತ್ತಿದ್ದವು.

ಪುಲಿಟ್ಜರ್ ಮತ್ತು ವಿಲಿಯಮ್ಸ್

ಸುದ್ದಿಯನ್ನು ಕಾಲೇಜಿನಲ್ಲಿ ಕಲಿಸಬಹುದು ಎಂಬ ಯೋಚನೆ ಗಟ್ಟಿಯಾಗಿ ಬೇರೂರಿದ್ದು ಅಮೆರಿಕದಲ್ಲಿ. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಸೇನಾನಿ ರಾಬರ್ಟ್ ಲೀ ಅವರು ಆನಂತರ ವರ್ಜೀನಿಯದ ವಾಷಿಂಗ್ಟನ್ ಕಾಲೇಜಿನ ಅಧ್ಯಕ್ಷರಾಗಿದ್ದಾಗ, 1869ರಲ್ಲಿ, ಪತ್ರಿಕಾ ಕೆಲಸಕ್ಕೆ ಹೋಗಬಯಸುವ ಯುವಕರಿಗೆ ವಿದ್ಯಾರ್ಥಿವೇತನದ ಯೋಜನೆ ಮುಂದಿಟ್ಟರು. ಯುದ್ಧದಿಂದ ನುಚ್ಚುನೂರಾದ ನಾಡಿಗೆ ಒಳ್ಳೆಯ ಪತ್ರಿಕೆಗಳು ಬೇಕು ಎಂಬುದು ಅವರ ಲೆಕ್ಕ. ಯೋಜನೆ ಬಹುಕಾಲ ಬಾಳಲಿಲ್ಲ.

ಆ ಮಾತನ್ನು ಮತ್ತೆ ಎತ್ತಿದವರು ಜೋಸೆಫ್ ಪುಲಿಟ್ಜರ್. ಹಂಗೇರಿಯಿಂದ ಬರಿಗೈಯಲ್ಲಿ ಬಂದ ಈ ಯುವಕ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯ ಒಡೆಯರಾಗಿ ಬೆಳೆದರು. ರೋಚಕ ಸುದ್ದಿಗಳ ಮೇಲಾಟದಲ್ಲಿ ಹರ್ಸ್ಟ್ ಅವರ ಪತ್ರಿಕೆಯೊಡನೆ ಪೈಪೋಟಿಗಿಳಿದು ‘ಹಳದಿ ಪತ್ರಿಕೋದ್ಯಮ’ ಎಂಬ ಬಿರುದಿಗೂ ಪಾತ್ರರಾದರು. ಅಂಥವರೇ ಕೊನೆಗಾಲದಲ್ಲಿ ಪತ್ರಕರ್ತರಿಗೆ ಕಾಲೇಜು ಬೇಕೆಂದು ಹಟ ಹಿಡಿದರು. 1892ರಲ್ಲಿ ಕೊಲಂಬಿಯ ಕಾಲೇಜಿಗೆ ಹಣ ಕೊಡಲು ಮುಂದಾದಾಗ ಅದು ಒಪ್ಪಲಿಲ್ಲ. 1904ರಲ್ಲಿ ಪುಲಿಟ್ಜರ್ ಸುದೀರ್ಘ ಲೇಖನ ಬರೆದು ತಮ್ಮ ವಾದ ಮಂಡಿಸಿದರು. ಪತ್ರಕರ್ತನಿಗೆ ಕಾನೂನು, ಇತಿಹಾಸ, ಅರ್ಥಶಾಸ್ತ್ರ, ಅಂಕಿಅಂಶ, ನೀತಿ ಇವು ತಿಳಿದಿರಬೇಕು. ಜಾಹೀರಾತು ತರುವುದನ್ನೂ ಪ್ರಸಾರ ಹೆಚ್ಚಿಸುವುದನ್ನೂ ಮಾತ್ರ ಆ ಕಾಲೇಜಿನಲ್ಲಿ ಕಲಿಸಕೂಡದು ಎಂಬುದು ಅದರ ಸಾರ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಅವರ ಅಭಿಪ್ರಾಯ ಬೇರೆಯಾಗಿತ್ತು. ಪತ್ರಿಕೆಯ ವ್ಯವಹಾರವನ್ನೂ ಕಲಿಸಬೇಕು ಎಂದು ಅವರು ಹೇಳಿದರು. ಉದ್ಯಮವೋ ವೃತ್ತಿಯೋ ಎಂಬ ಕನ್ನಡ ಪದದೊಳಗಿನ ಜಗಳ ಅಲ್ಲಿ ಹೀಗೆ ಮುಖಾಮುಖಿ ನಡೆದಿತ್ತು. ಪುಲಿಟ್ಜರ್ 1911ರಲ್ಲಿ ತೀರಿಕೊಂಡರು. 1912ರಲ್ಲಿ ಕೊಲಂಬಿಯದ ಶಾಲೆ ಬಾಗಿಲು ತೆರೆಯಿತು.

ಅಷ್ಟರಲ್ಲಿ ಮಿಸೌರಿ ಮುಂದೆ ಹೋಗಿತ್ತು. ಅಲ್ಲಿನ ರಾಜ್ಯ ವಿಶ್ವವಿದ್ಯಾಲಯ 1908ರಲ್ಲೇ ಪತ್ರಿಕೋದ್ಯಮದ ಪ್ರತ್ಯೇಕ ಶಾಲೆಯನ್ನು ಆರಂಭಿಸಿತು. ಸೆಪ್ಟೆಂಬರ್ 14ರಂದು ತರಗತಿ ಶುರುವಾದ ಮೊದಲ ದಿನವೇ ವಿದ್ಯಾರ್ಥಿಗಳು ನಿಜವಾದ ದಿನಪತ್ರಿಕೆಯೊಂದನ್ನು ಹೊರತಂದರು. ಊರಿನ ಜನ ಓದುವ ಪತ್ರಿಕೆ ಅದು, ಅಭ್ಯಾಸದ ಪುಸ್ತಕವಲ್ಲ. ಬರೆದು ಕಲಿ, ತಪ್ಪಿ ಕಲಿ ಎಂಬ ಈ ಕ್ರಮಕ್ಕೆ ‘ಮಿಸೌರಿ ಪದ್ಧತಿ’ ಎಂದೇ ಹೆಸರಾಯಿತು. ಸ್ವಾರಸ್ಯವೆಂದರೆ, ಆ ಶಾಲೆಯ ಮೊದಲ ಡೀನ್ ವಾಲ್ಟರ್ ವಿಲಿಯಮ್ಸ್ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಅಚ್ಚುಕೂಟದ ಹುಡುಗನಾಗಿ ಸೇರಿ ಸಂಪಾದಕರಾದವರು. ಮುಂದೆ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು. ಪದವಿಯಿಲ್ಲದ ಪತ್ರಕರ್ತನೇ ಪತ್ರಕರ್ತರಿಗೆ ಪದವಿ ಕೊಡುವ ಏರ್ಪಾಡು ಮಾಡಿದ!

ಅಡ್ಯಾರಿನಿಂದ ಮೈಸೂರಿಗೆ

ಭಾರತದಲ್ಲಿ ಮೊದಲ ಪ್ರಯತ್ನ ಸ್ವಾತಂತ್ರ್ಯ ಚಳವಳಿಯ ಮಡಿಲಲ್ಲಿ ನಡೆಯಿತು. ಅನಿಬೆಸೆಂಟ್ ಅವರು ಮದ್ರಾಸಿನ ಅಡ್ಯಾರಿನಲ್ಲಿ ಕಟ್ಟಿದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ 1920ರಲ್ಲಿ ಪತ್ರಿಕೋದ್ಯಮದ ಪಾಠವಿತ್ತು. ವಿದ್ಯಾರ್ಥಿಗಳು ಅವರದೇ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ಕೈಕೆಲಸ ಕಲಿಯುತ್ತಿದ್ದರು. 1938ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಡಿಪ್ಲೊಮಾ ಆರಂಭಿಸಿತು. ಎರಡು ಮೂರು ವರ್ಷದಲ್ಲಿ ಅದು ನಿಂತಿತು. ಗಟ್ಟಿಯಾಗಿ ಉಳಿದದ್ದು 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಿ.ಪಿ. ಸಿಂಗ್ ಅವರು ಕಟ್ಟಿದ ವಿಭಾಗ. ದೇಶ ಇಬ್ಭಾಗವಾದಾಗ ಆ ವಿಭಾಗವೂ ನಿರಾಶ್ರಿತವಾಗಿ ದೆಹಲಿಗೆ ಬಂದು, ಕೊನೆಗೆ ಚಂಡೀಗಢದಲ್ಲಿ ನೆಲೆ ಕಂಡಿತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮದ್ರಾಸ್, ಕಲ್ಕತ್ತ ವಿಶ್ವವಿದ್ಯಾಲಯಗಳೂ ಡಿಪ್ಲೊಮಾ ತರಗತಿಗಳನ್ನು ಶುರುಮಾಡಿದವು.

ಕರ್ನಾಟಕದ ಪಾಲಿಗೆ ಮುಖ್ಯವಾದ ವರ್ಷ 1951. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಆ ವರ್ಷ ಪತ್ರಿಕೋದ್ಯಮ ಪಾಠ ಆರಂಭವಾಯಿತು. ಅದರ ಹಿಂದಿದ್ದವರು ನಾಡಿಗ ಕೃಷ್ಣಮೂರ್ತಿ. ಮಿಸೌರಿಯಲ್ಲಿ ಓದಿ ಬಂದವರು. ಬೇರೆ ಕಡೆ ಪದವಿ ಮುಗಿಸಿದವರಿಗೆ ಡಿಪ್ಲೊಮಾ ಎಂಬ ಕ್ರಮವಿದ್ದರೆ, ಮೈಸೂರಿನಲ್ಲಿ ಬಿ.ಎ. ವಿದ್ಯಾರ್ಥಿ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಆರಿಸಿಕೊಂಡಂತೆ ಪತ್ರಿಕೋದ್ಯಮವನ್ನೂ ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದಾಯಿತು. ಇದು ಸಣ್ಣ ಬದಲಾವಣೆಯಂತೆ ಕಂಡರೂ ಪರಿಣಾಮ ದೊಡ್ಡದು. ಡಿಪ್ಲೊಮಾಕ್ಕೆ ಇನ್ನೊಂದು ವರ್ಷದ ಖರ್ಚು ಹೊರಬಲ್ಲವರು ಮಾತ್ರ ಬರುತ್ತಿದ್ದರು. ಬಿ.ಎ. ಒಳಗೇ ಇದ್ದುದರಿಂದ ಹಳ್ಳಿಯಿಂದ ಬಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗ ಹುಡುಗಿಯರಿಗೂ ಅದು ಎಟುಕಿತು. ಇಂದು ರಾಜ್ಯದ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲೂ ಪತ್ರಿಕೋದ್ಯಮ ಐಚ್ಛಿಕ ವಿಷಯವಾಗಿ ಕಾಣುವುದಕ್ಕೆ ಬೀಜ ಬಿದ್ದದ್ದು ಅಲ್ಲಿ. ನಾಡಿಗರು ಭಾರತೀಯ ಪತ್ರಿಕೆಗಳ ಇತಿಹಾಸವನ್ನು ಅಶೋಕನಿಂದ ನೆಹರೂವರೆಗೆ ವಿವರಿಸಿ ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು 1966ರಲ್ಲಿ ಮೈಸೂರು ವಿಶ್ವವಿದ್ಯಾಲಯವೇ ಪ್ರಕಟಿಸಿತು. ಬಂಡೆಯ ಮೇಲೆ ಕೆತ್ತಿದ ಶಾಸನವೂ ಜನರಿಗೆ ತಿಳಿಸುವ ಒಂದು ಬಗೆಯ ಪತ್ರಿಕೆಯೇ ಎಂಬ ನೋಟ ಆ ಹೆಸರಿನಲ್ಲೇ ಇದೆ.

ಶಾಸ್ತ್ರ ಬಂದ ಬಗೆ

ಇಲ್ಲಿಯವರೆಗೆ ‘ಮತ್ತು’ವಿನ ಎಡಭಾಗದ ಮಾತಾಯಿತು. ಬಲಭಾಗದ ‘ಸಂವಹನ’ ಬಂದದ್ದು ಬೇರೆ ದಾರಿಯಲ್ಲಿ. ಇಪ್ಪತ್ತನೇ ಶತಮಾನದ ಎರಡು ಮಹಾಯುದ್ಧಗಳಲ್ಲಿ ಸರ್ಕಾರಗಳು ಪ್ರಚಾರವನ್ನೂ ಆಯುಧವಾಗಿ ಬಳಸಿದವು. ಮಾತು ಜನರ ಮನಸ್ಸಿನಲ್ಲಿ ಏನು ಮಾಡುತ್ತದೆ ಎಂದು ತಿಳಿಯಲು ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಮನಃಶಾಸ್ತ್ರಗಳ ಪಂಡಿತರು ಹೊರಟರು. ಇವರನ್ನೆಲ್ಲ ಒಂದು ಶಾಸ್ತ್ರದ ಹೆಸರಿನಲ್ಲಿ ಕಲೆಹಾಕಿದವರು ವಿಲ್ಬರ್ ಶ್ರಾಮ್. ಅಯೋವದಲ್ಲಿ ಪತ್ರಿಕೋದ್ಯಮ ಶಾಲೆಯ ಮುಖ್ಯಸ್ಥರಾಗಿದ್ದ ಅವರು, ಮೊದಲು ಅಲ್ಲಿ, ಆಮೇಲೆ ಇಲಿನಾಯ್ ಮತ್ತು ಸ್ಟ್ಯಾನ್‌ಫರ್ಡ್‌ಗಳಲ್ಲಿ ಸಂವಹನದ ಸಂಶೋಧನೆ ಬೆಳೆಸಿದರು. ಪತ್ರಿಕೋದ್ಯಮ ವಿಭಾಗಗಳಿಗೆ ಸಂಶೋಧಕರು ಬಂದರು, ಡಾಕ್ಟರೇಟ್‌ಗಳು ಬಂದವು. ಹಳೆಯ ಸಂಪಾದಕರು ಬದಿಗೆ ಸರಿದರು. ಹಣೆಗೆ ಹಸಿರು ನೆರಳುಪಟ್ಟಿ ಕಟ್ಟಿಕೊಂಡು ಪ್ರತಿ ತಿದ್ದುವವರಿಗೂ ಅಂಕಿಅಂಶದ ಸೂತ್ರ ಹಿಡಿದವರಿಗೂ ನಡೆಯುವ ಜಗಳ ಎಂದೇ ಅಮೆರಿಕದಲ್ಲಿ ಇದು ಹೆಸರಾಯಿತು.

ಶಾಸ್ತ್ರದಿಂದ ಕಸುಬಿಗೆ ಏನು ಪ್ರಯೋಜನ ಎಂದು ಕೇಳುವವರಿಗೆ ಎರಡು ಉದಾಹರಣೆ ಸಾಕು. 1949ರಲ್ಲಿ ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಅಧ್ಯಾಪಕರು ಸಣ್ಣ ಊರೊಂದರ ಪತ್ರಿಕೆಯಲ್ಲಿ ತಂತಿ ಸುದ್ದಿ ಆರಿಸುವ ಸಂಪಾದಕರೊಬ್ಬರನ್ನು ಒಂದು ವಾರ ಹಿಂಬಾಲಿಸಿದರು. ಬಂದ ಸುದ್ದಿಗಳಲ್ಲಿ ಯಾವುದನ್ನು ಎಸೆದರು, ಯಾಕೆ ಎಸೆದರು ಎಂದು ಪ್ರತಿಯೊಂದರ ಮೇಲೂ ಬರೆಸಿಕೊಂಡರು. ಬಂದದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಸದ ಬುಟ್ಟಿಗೆ ಹೋಗಿತ್ತು. ಜಾಗವಿಲ್ಲ ಎಂಬುದು ಒಂದು ಕಾರಣವಾದರೆ, ಅವರ ಸ್ವಂತ ಇಷ್ಟಾನಿಷ್ಟಗಳು ಇನ್ನೊಂದು. ಬಾಗಿಲು ಕಾಯುವವನ ಹಾಗೆ ಒಬ್ಬ ಮನುಷ್ಯ ಕುಳಿತು ಊರಿಗೆಲ್ಲ ಜಗತ್ತು ಹೇಗೆ ಕಾಣಬೇಕೆಂದು ತೀರ್ಮಾನಿಸುತ್ತಿದ್ದ. ಸುದ್ದಿಮನೆಯಲ್ಲಿ ದುಡಿದವರಿಗೆಲ್ಲ ಇದು ಗೊತ್ತಿದ್ದ ವಿಷಯವೇ. ಆದರೆ ಗೊತ್ತಿದ್ದವರು ಅದನ್ನು ಲೆಕ್ಕ ಹಾಕಿ ನೋಡಿರಲಿಲ್ಲ.

ಎರಡನೆಯದು 1968ರ ಅಮೆರಿಕ ಅಧ್ಯಕ್ಷ ಚುನಾವಣೆಯ ಕಾಲದ್ದು. ಮ್ಯಾಕ್ಸ್‌ವೆಲ್ ಮೆಕೊಂಬ್ಸ್ ಮತ್ತು ಡೊನಾಲ್ಡ್ ಶಾ ಅವರು ಚಾಪೆಲ್ ಹಿಲ್ ಎಂಬ ಊರಿನಲ್ಲಿ ಯಾರಿಗೆ ಮತ ಹಾಕಬೇಕೆಂದು ಇನ್ನೂ ನಿರ್ಧರಿಸದ ನೂರು ಮತದಾರರನ್ನು ಮಾತನಾಡಿಸಿದರು. ದೇಶದ ಮುಖ್ಯ ಸಮಸ್ಯೆಗಳಾವುವು ಎಂದು ಕೇಳಿದಾಗ ಅವರು ಕೊಟ್ಟ ಅನುಕ್ರಮಕ್ಕೂ, ಪತ್ರಿಕೆ ಟಿ.ವಿ.ಗಳು ಆ ವಿಷಯಗಳಿಗೆ ಕೊಟ್ಟ ಜಾಗದ ಅನುಕ್ರಮಕ್ಕೂ ಬಹಳ ಹೊಂದಿಕೆಯಿತ್ತು. ಪತ್ರಿಕೆ ಓದುಗನಿಗೆ ಏನನ್ನು ನಂಬಬೇಕೆಂದು ಹೇಳುವುದರಲ್ಲಿ ಸೋಲಬಹುದು. ಯಾವುದರ ಬಗ್ಗೆ ಯೋಚಿಸಬೇಕೆಂದು ಹೇಳುವುದರಲ್ಲಿ ಅದಕ್ಕೆ ಬಲವಿದೆ. ಮುಖಪುಟದಲ್ಲಿ ಬರಗಾಲವನ್ನು ಇಡಬೇಕೋ ನಟನ ಮದುವೆಯನ್ನು ಇಡಬೇಕೋ ಎಂಬ ತೀರ್ಮಾನ ಕೇವಲ ರುಚಿಯ ಪ್ರಶ್ನೆಯಲ್ಲ ಎಂದು ಈ ಅಧ್ಯಯನ ಹೇಳುತ್ತದೆ.

ಭಾರತಕ್ಕೆ ಈ ಶಾಸ್ತ್ರ ಬಂದದ್ದು ಅಭಿವೃದ್ಧಿಯ ಕೈ ಹಿಡಿದು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಗೊಬ್ಬರ, ಲಸಿಕೆ, ಕುಟುಂಬ ಯೋಜನೆಗಳ ಮಾತನ್ನು ಹಳ್ಳಿಗೆ ಮುಟ್ಟಿಸಬೇಕಿತ್ತು. ಶ್ರಾಮ್ ಅವರೂ ಇದ್ದ ತಜ್ಞರ ತಂಡವೊಂದು ಭಾರತಕ್ಕೆ ಬಂದು ಹೋದ ಮೇಲೆ 1965ರಲ್ಲಿ ದೆಹಲಿಯಲ್ಲಿ ಭಾರತೀಯ ಸಮೂಹ ಸಂವಹನ ಸಂಸ್ಥೆ ಸ್ಥಾಪನೆಯಾಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಮುಟ್ಟಿಸುವ ‘ಸೈಟ್’ ಪ್ರಯೋಗ ನಡೆಯಿತು. ಅವುಗಳಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಂಗಳೂರಿಗೇ ಟಿ.ವಿ. ಬರುವ ಮೊದಲು ಕಲ್ಯಾಣ ಕರ್ನಾಟಕದ ಹಳ್ಳಿಗರು ಶಾಲೆಯ ಮುಂದೆ ಕುಳಿತು ಕನ್ನಡದ ಕಾರ್ಯಕ್ರಮ ನೋಡಿದರು. ಅವರು ಏನು ಕಂಡರು, ಏನು ಕಲಿತರು ಎಂದು ಸಮಾಜ ವಿಜ್ಞಾನಿಗಳ ತಂಡಗಳು ಹಳ್ಳಿಗಳಲ್ಲಿ ತಂಗಿ ದಾಖಲಿಸಿದವು. ಸಂವಹನ ಎಂಬ ಶಾಸ್ತ್ರ ಪತ್ರಿಕಾ ಕಚೇರಿಗಿಂತ ಅಗಲವಾದದ್ದು ಎಂದು ಇಲ್ಲಿ ಸ್ಪಷ್ಟವಾಯಿತು. ವಿಶ್ವವಿದ್ಯಾಲಯಗಳ ಫಲಕಗಳಲ್ಲಿ ‘ಮತ್ತು’ ಸೇರಿಕೊಂಡ ಕಾಲವೂ ಹೆಚ್ಚುಕಡಿಮೆ ಇದೇ.

ಕನ್ನಡದ ಮೇಜಿನ ಮೇಲೆ

ಆದರೆ ಈ ಪಾಠಗಳ ಬಹುಪಾಲು ಇಂಗ್ಲಿಷಿನಿಂದ ಬಂದವು. ಕನ್ನಡ ಸುದ್ದಿಮನೆಯ ಕೆಲಸ ಬೇರೆಯೇ ಇತ್ತು. ಟೆಲಿಪ್ರಿಂಟರಿನಲ್ಲಿ ಕಟಕಟ ಎಂದು ಬರುತ್ತಿದ್ದ ಸುದ್ದಿಯೆಲ್ಲ ಇಂಗ್ಲಿಷ್. ಕನ್ನಡದ ಉಪಸಂಪಾದಕ ಮೊದಲು ಅನುವಾದಕ, ಆಮೇಲೆ ಸಂಪಾದಕ. ಬಜೆಟ್ಟಿನ ಪರಿಭಾಷೆ, ಕ್ರಿಕೆಟ್ಟಿನ ಹೊಡೆತ, ರಾಕೆಟ್ಟಿನ ಹಂತ ಇವಕ್ಕೆಲ್ಲ ರಾತ್ರಿ ಹನ್ನೊಂದು ಗಂಟೆಯ ಒಳಗೆ ಕನ್ನಡ ಹುಡುಕಬೇಕಿತ್ತು. ನಿಘಂಟು ತೆರೆಯಲು ಪುರಸೊತ್ತಿಲ್ಲ. ಇಂದು ಜನರ ಬಾಯಲ್ಲಿ ಸಲೀಸಾಗಿ ಓಡಾಡುವ ಎಷ್ಟೋ ಪದಗಳು ಹೀಗೆ ಅವಸರದಲ್ಲಿ ಟಂಕಿತವಾದವು.

ಪದಕ್ಕಿಂತ ವಾಕ್ಯದ ಕಷ್ಟ ದೊಡ್ಡದು. ಮುಖ್ಯ ಸಂಗತಿ ಮೊದಲು, ವಿವರ ಆಮೇಲೆ ಎಂಬ ತಲೆಕೆಳಗಾದ ಪಿರಮಿಡ್ಡಿನ ಪಾಠವನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಇಂಗ್ಲಿಷಿನಲ್ಲಿ ‘ಐವರು ಸತ್ತರು’ ಎಂಬುದನ್ನು ವಾಕ್ಯದ ತಲೆಯಲ್ಲೇ ಇಟ್ಟು, ಎಲ್ಲಿ, ಹೇಗೆ ಎಂಬುದನ್ನು ಬಾಲದಲ್ಲಿ ಜೋಡಿಸಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಪಟ್ಟಣದ ಹೊರವಲಯದ ಹೆದ್ದಾರಿಯಲ್ಲಿ ಲಾರಿ ಬಸ್ಸಿಗೆ ಡಿಕ್ಕಿ ಹೊಡೆದು ಐವರು ಮೃತಪಟ್ಟಿದ್ದಾರೆ’ ಎಂದರೆ ಸಾವಿನ ಸುದ್ದಿ ತಿಳಿಯಲು ಓದುಗ ವಾಕ್ಯದ ತುದಿಯವರೆಗೆ ಕಾಯಬೇಕು. ಹಾಗಾಗಿ ವಾಕ್ಯ ಚಿಕ್ಕದಿರಬೇಕು, ಶೀರ್ಷಿಕೆ ಹೆಚ್ಚು ಹೊರಬೇಕು. ಇಂಗ್ಲಿಷ್ ಇಂಟ್ರೊವನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ಮೂವತ್ತು ಪದಗಳ ಗಂಟು ಬಿಡಿಸಲು ಓದುಗ ಹೆಣಗಬೇಕಾಗುತ್ತದೆ. ಇದನ್ನು ಮಿಸೌರಿಯೂ ಹೇಳಿಕೊಡಲಾರದು, ಕೊಲಂಬಿಯವೂ ಹೇಳಿಕೊಡಲಾರದು. ಕನ್ನಡದ ಸುದ್ದಿಮನೆಯೇ ಕಂಡುಕೊಂಡ ತಿಳಿವಳಿಕೆಯಿದು. ಕಂಡುಕೊಂಡವರು ಅದನ್ನು ಪುಸ್ತಕವಾಗಿ ಬರೆದದ್ದು ಕಡಿಮೆ.

ಪದವಿ ಕಡ್ಡಾಯವಾದರೆ

ಈಗ ಮೊದಲ ಪ್ರಶ್ನೆಗೆ ಬರಬಹುದು. ಇಷ್ಟೆಲ್ಲ ಕಲಿಯುವುದಿದೆ ಎಂದಾದರೆ ಕಲಿತವರು ಮಾತ್ರ ಬರೆಯಲಿ ಎಂದು ಕಾನೂನು ಮಾಡಬಾರದೇಕೆ? 2013ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರು ಪತ್ರಕರ್ತರಿಗೆ ಕನಿಷ್ಠ ವಿದ್ಯಾರ್ಹತೆ ನಿಗದಿಪಡಿಸುವ ಬಗ್ಗೆ ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿದರು. ದೇಶದಾದ್ಯಂತ ಪರ ವಿರೋಧ ಚರ್ಚೆ ನಡೆಯಿತು. ಕಾನೂನೇನೂ ಆಗಲಿಲ್ಲ.

ಕಡ್ಡಾಯ ಮಾಡಿ ನೋಡಿದ ದೇಶಗಳ ಅನುಭವ ನಮ್ಮ ಮುಂದಿದೆ. ಬ್ರೆಜಿಲ್‌ನಲ್ಲಿ 1969ರಲ್ಲಿ ಪತ್ರಕರ್ತನಿಗೆ ಪತ್ರಿಕೋದ್ಯಮದ ಪದವಿ ಕಡ್ಡಾಯವಾಯಿತು. ಅದನ್ನು ತಂದದ್ದು ಆಗ ಆಳುತ್ತಿದ್ದ ಸೇನಾ ಸರ್ಕಾರ ಎಂಬುದನ್ನು ಗಮನಿಸಬೇಕು. ನಲವತ್ತು ವರ್ಷಗಳ ನಂತರ, 2009ರ ಜೂನ್‌ನಲ್ಲಿ, ಅಲ್ಲಿನ ಸುಪ್ರೀಂ ಕೋರ್ಟ್ ಎಂಟು ಒಂದರ ಬಹುಮತದಿಂದ ಅದನ್ನು ರದ್ದುಮಾಡಿತು. ಒಳ್ಳೆಯ ಅಡುಗೆಯವರು ಪಾಕಶಾಲೆಯಲ್ಲಿ ಕಲಿಯಬಹುದು, ಆದರೆ ಪದವಿಯಿಲ್ಲದವರು ಅಡುಗೆ ಮಾಡಬಾರದೆಂದು ಹೇಳಲಾಗದು ಎಂಬರ್ಥದ ಹೋಲಿಕೆಯನ್ನು ಮುಖ್ಯ ನ್ಯಾಯಮೂರ್ತಿ ಕೊಟ್ಟಾಗ ಪತ್ರಕರ್ತರ ಸಂಘಗಳು ಸಿಟ್ಟಾದವು. ಕೋಸ್ಟರಿಕದಲ್ಲಿ ಪತ್ರಕರ್ತರ ಸಂಘದ ಸದಸ್ಯತ್ವವಿಲ್ಲದೆ ಬರೆದದ್ದಕ್ಕೆ ಪತ್ರಕರ್ತರೊಬ್ಬರಿಗೆ ಶಿಕ್ಷೆಯೇ ಆಯಿತು. ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ 1985ರಲ್ಲಿ ಅಂಥ ಕಡ್ಡಾಯ ಪರವಾನಗಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಅಭಿಪ್ರಾಯಪಟ್ಟಿತು. ವಕೀಲನ ಕೆಲಸಕ್ಕೂ ಪತ್ರಕರ್ತನ ಕೆಲಸಕ್ಕೂ ಒಂದು ವ್ಯತ್ಯಾಸವಿದೆ ಎಂಬುದು ಅದರ ತರ್ಕ. ಪತ್ರಕರ್ತ ಮಾಡುವ ಕೆಲಸ ಬೇರೇನೂ ಅಲ್ಲ, ಪ್ರತಿಯೊಬ್ಬ ಮನುಷ್ಯನಿಗೂ ಇರುವ ಮಾತಿನ ಹಕ್ಕನ್ನು ದಿನವೂ ಚಲಾಯಿಸುವುದು. ಹಕ್ಕಿಗೆ ಪರವಾನಗಿ ಇಟ್ಟರೆ ಅದು ಹಕ್ಕಾಗಿ ಉಳಿಯುವುದಿಲ್ಲ.

ಭಾರತದ ಸಂವಿಧಾನದ ದಾರಿಯೂ ಇದಕ್ಕೆ ಹತ್ತಿರ. ಅದರಲ್ಲಿ ಪತ್ರಿಕಾ ಸ್ವಾತಂತ್ರ್ಯ ಎಂಬ ಪ್ರತ್ಯೇಕ ವಿಧಿಯಿಲ್ಲ. 19ನೇ ವಿಧಿಯಲ್ಲಿ ಎಲ್ಲ ನಾಗರಿಕರಿಗೂ ಇರುವ ವಾಕ್ ಸ್ವಾತಂತ್ರ್ಯದಿಂದಲೇ ಅದು ಹುಟ್ಟುತ್ತದೆ. ವ್ಯಕ್ತಿಗೆ ಇಲ್ಲದ ವಿಶೇಷ ಹಕ್ಕು ಪತ್ರಿಕೆಗೆ ಬೇಕಿಲ್ಲ ಎಂಬುದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರ ನಿಲುವಾಗಿತ್ತು. ಪತ್ರಕರ್ತರ ದುಡಿಮೆಯ ಸ್ಥಿತಿಗತಿಗಾಗಿ 1955ರಲ್ಲಿ ತಂದ ಕಾಯ್ದೆಯೂ ಪತ್ರಿಕಾ ಕೆಲಸವೇ ಮುಖ್ಯ ಕಸುಬಾದವನು ಪತ್ರಕರ್ತ ಎಂದಿತೇ ಹೊರತು ಪದವಿಯ ಮಾತೆತ್ತಲಿಲ್ಲ. 2020ರಲ್ಲಿ ಸಂಸತ್ತು ಆ ಕಾಯ್ದೆಯನ್ನು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿತು.

ಹೀಗೆಂದು ಪಾಠಶಾಲೆ ಬೇಡವೆಂದು ತೀರ್ಮಾನಿಸುವುದು ಸುಲಭದ ದಾರಿ. ತಾಲ್ಲೂಕು ಕೇಂದ್ರದ ಅರೆಕಾಲಿಕ ವರದಿಗಾರನನ್ನು ಇಲ್ಲಿ ನೆನೆಯಬೇಕು. ಅಂಗಡಿಯನ್ನೋ ಜಮೀನನ್ನೋ ನಂಬಿ ಬದುಕುವ ಅವನಿಗೆ ಪತ್ರಿಕೆ ಕೊಡುವುದು ಸಂಬಳವಲ್ಲ, ಪುಡಿಗಾಸು. ಪದವಿ ಕಡ್ಡಾಯವಾದರೆ ಮೊದಲು ಹೊರಬೀಳುವವನು ಅವನೇ, ಮತ್ತು ಅವನ ಜೊತೆಗೆ ಆ ತಾಲ್ಲೂಕಿನ ಸುದ್ದಿ. ಆದರೆ ಏನನ್ನೂ ಕಲಿಸದೆ ಅವನನ್ನು ಕಳುಹಿಸುವುದೂ ನ್ಯಾಯವಲ್ಲ. ಭಾರತದಲ್ಲಿ ಮಾನಹಾನಿ ಇಂದಿಗೂ ಕ್ರಿಮಿನಲ್ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನ ಪ್ರಕಾರ ಜೈಲು ಶಿಕ್ಷೆಯೂ ಆಗಬಹುದು. ಆರೋಪಿ ಎಂಬುದಕ್ಕೂ ಅಪರಾಧಿ ಎಂಬುದಕ್ಕೂ ಇರುವ ಒಂದಕ್ಷರದಷ್ಟು ಅಂತರ ತಿಳಿಯದೆ ಬರೆದರೆ ನ್ಯಾಯಾಲಯಕ್ಕೆ ಅಲೆಯುವವನು ಅವನು. ಬರೆಸಿಕೊಂಡವನ ಮಾನವೂ ಮರಳಿ ಬಾರದು. ಅತ್ಯಾಚಾರಕ್ಕೊಳಗಾದವರ ಹೆಸರು ಯಾಕೆ ಬರೆಯಬಾರದು, ಗ್ರಾಮ ಪಂಚಾಯಿತಿಯ ಲೆಕ್ಕಪತ್ರ ಹೇಗೆ ಓದಬೇಕು, ಮಾಹಿತಿ ಹಕ್ಕಿನ ಅರ್ಜಿ ಹೇಗೆ ಹಾಕಬೇಕು ಇವೆಲ್ಲ ತರಗತಿಯಲ್ಲಿ ಕಲಿಸಬಹುದಾದ, ಕಲಿಸಲೇಬೇಕಾದ ವಿಷಯಗಳು.

ಇನ್ನೊಂದು ಬದಲಾವಣೆಯೂ ಆಗಿದೆ. ಹಿಂದೆ ಶಾಲೆಯಾಗಿದ್ದ ಪತ್ರಿಕಾ ಕಚೇರಿಗೆ ಈಗ ಕಲಿಸುವ ವ್ಯವಧಾನ ಕಡಿಮೆ. ಕರಡು ತಿದ್ದುವ ಮೇಜುಗಳು ಎತ್ತಂಗಡಿಯಾಗಿವೆ. ಬರೆದವನೇ ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಾನೆ, ಫೋಟೊ ತೆಗೆಯುತ್ತಾನೆ, ಮೊಬೈಲಿಗೂ ಸುದ್ದಿ ಕಳುಹಿಸುತ್ತಾನೆ. ನಾಲ್ಕು ಹಾಳೆಯಲ್ಲಿ ಮೂರನ್ನು ಹೊಡೆದುಹಾಕಿ, ಯಾಕೆ ಹೊಡೆದೆ ಎಂದು ಹೇಳುವ ಹಿರಿಯರಿಗೆ ಪುರಸೊತ್ತಿಲ್ಲ. ಆ ಕೆಂಪು ಶಾಯಿಯ ಕೆಲಸ ತರಗತಿಯ ಪಾಲಿಗೆ ಬಂದಿದೆ. ಅದನ್ನು ಮಾಡಬೇಕಾದರೆ ಕಲಿಸುವವರು ಒಮ್ಮೆಯಾದರೂ ಸುದ್ದಿಮನೆಯ ರಾತ್ರಿ ಪಾಳಿ ಕಂಡಿರಬೇಕು. ಸುದ್ದಿಮನೆಯವರು ಆಗಾಗ ತರಗತಿಗೆ ಬಂದು ತಾವು ಕಂಡುಕೊಂಡದ್ದನ್ನು ಹೇಳಬೇಕು, ಸಾಧ್ಯವಾದರೆ ಕನ್ನಡದಲ್ಲಿ ಬರೆದಿಡಬೇಕು.

ಸುದ್ದಿ ಬರೆಯಲು ಪದವಿ ಬೇಕೆ ಎಂಬ ಪ್ರಶ್ನೆಗೆ ಕಾನೂನು ಬೇಡ ಎನ್ನುತ್ತದೆ, ಹಾಗೆನ್ನುವುದೇ ಸ್ವಾತಂತ್ರ್ಯಕ್ಕೆ ಕ್ಷೇಮ. ಕಲಿಕೆ ಬೇಕೆ ಎಂದರೆ ಉತ್ತರ ಬೇರೆ. ಡಿ.ವಿ.ಜಿ. ಪದವಿ ಪಡೆಯಲಿಲ್ಲ ಎಂದು ಹೇಳುವವರು, ಅವರು ಬದುಕಿರುವ ತನಕ ಓದುವುದನ್ನು ನಿಲ್ಲಿಸಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ.